ತಳ ಹತ್ತಿದ್ದು

ವೋಸ್ ಕಣಿವೆಯಲ್ಲಿ ಮೂರು ಗಂಟೆಗೇ ಕತ್ತಲು.
ಕ್ರಿಸ್‌ಮಸ್ ಬಿಯರ್ ಕುದಿಸಿದ ರಾತ್ರಿ
ಗುನ್ವೋರ್ ಒಬ್ಬಳೇ ಸೌದೆ ಒಟ್ಟುತ್ತ ಕೂತಿದ್ದಳು.
ಬೆಳಗಿನ ಜಾವ ಒಂದು ಗಳಿಗೆ
ಕಣ್ಣು ಹತ್ತಿತ್ತು.
ಯಾರಿಗೂ ಹೇಳಿಲ್ಲ.

ಇವತ್ತು ನೆರೆಯವರು ಬಂದರು, ಕರೆಯದೆ.
ವಾಸನೆಯೇ ಕರೆ ಇಲ್ಲಿ.
ಬೂಟಿನ ಹಿಮ ಹೊಸ್ತಿಲಲ್ಲೇ ಕೊಡವಿ
ಬೆಂಚಿನ ಮೇಲೆ ಒತ್ತಿ ಕೂತರು.

ಮರದ ಬಟ್ಟಲು ಮೊದಲು ಮುದುಕ ಟೋರ್ಗಿಲ್ಸನ ಕೈಗೆ.
ಮೂಸಿದ. ದೀಪಕ್ಕೆ ಹಿಡಿದ:
ಹಳೇ ಪಿಟೀಲಿನ ಬಣ್ಣ.
ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡ,
ಸಾವಿನ ಸುದ್ದಿ ಹೇಳಲೋ ಬೇಡವೋ ಅನ್ನುವವನಂತೆ.

ಮೊದಲು ಮೊಳೆತ ಬಾರ್ಲಿಯ ಸಿಹಿ,
ಜಗಿಯಬೇಕು ಅನ್ನಿಸುವಷ್ಟು ಗಟ್ಟಿ.
ಬೆನ್ನಿಗೇ ಜುನಿಪರ್ ಕೊಂಬೆಯ ಒಗರು.
ನುಂಗಿ ಎಷ್ಟೋ ಹೊತ್ತಾದ ಮೇಲೆ
ಎದೆಯೊಳಗೆ ಯಾರೋ
ಒಲೆಯ ಬಾಗಿಲು ತೆರೆದ ಹಾಗೆ.

‘ತಳ ಹತ್ತಿದೆ,’ ಅಂದ.

ಗುನ್ವೋರ್ ಒರೆಸಿದ ಕೈಯನ್ನೇ
ಮತ್ತೆ ಒರೆಸುತ್ತ ನಿಂತಳು.

‘ನಿಮ್ಮಮ್ಮನದೂ ಹತ್ತುತ್ತಿತ್ತು, ಪ್ರತಿ ವರ್ಷ.
ಬೇಕಂತಲೇ ಮಾಡ್ತಾಳೆ ಅಂದುಕೊಂಡಿದ್ದೆವು.’

ಬಟ್ಟಲು ಪಕ್ಕದವನಿಗೆ ದಾಟಬೇಕು, ರೂಢಿ.
ಮೈದುನ ಚಾಚಿದ ಕೈ
ಚಾಚಿಯೇ ಇತ್ತು.