ಒಂದರಿಂದ ಹತ್ತರೊಳಗೆ

ಮನಾಮದ ಕ್ಲಿನಿಕ್ಕಿನಲ್ಲಿ ಮಲಯಾಳಿ ನರ್ಸು ಕೇಳುತ್ತಾಳೆ:
ನೋವು ಎಷ್ಟು, ಒಂದರಿಂದ ಹತ್ತರೊಳಗೆ?

ಆರು, ಅನ್ನುತ್ತೇನೆ. ಪ್ರತಿ ಸಲವೂ ಆರು.
ಎಂಟೆಂದರೆ ಕಾಗದ ಕಂಪನಿಗೆ ಹೋಗುತ್ತದೆ,
ನಾಲ್ಕೆಂದರೆ ಮಾತ್ರೆಯೂ ಇಲ್ಲ.

ಹನ್ನೊಂದು ವರ್ಷ ಇಸ್ತ್ರಿ ಹಿಡಿದ ಬಲಭುಜ
ಈಗ ನನ್ನದಲ್ಲ, ಅಲ್ಲಿ ಬಾಡಿಗೆಗೆ ಕೂತವನದು;
ರಾತ್ರಿ ಎರಡಕ್ಕೆ ಎದ್ದು ಓಡಾಡುತ್ತಾನೆ.
ಮೇಲಿನ ಮಂಚದ ಮೋನಬ್ಬ ಗೊರಕೆ ನಿಲ್ಲಿಸಿ
ಕೇಳುತ್ತಾನೆ: "ಬಂದನಾ?"
"ಬಂದ."
ಮಗ್ಗುಲು ಬದಲಿಸುತ್ತಾನೆ. ಒಮ್ಮೊಮ್ಮೆ ಅಷ್ಟೇ ಸಾಕು.

ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ.
"ಟೆನ್ಷನ್ನು," ಅಂದರು ಡಾಕ್ಟರು, "ಯೋಚನೆ ಕಡಿಮೆ ಮಾಡಿ."
ಯೋಚನೆಯನ್ನು ಯಾವ ಕೈಯಿಂದ ಇಳಿಸಿಡುವುದು?

ಹಾಗಾಗಿ ಲೆಕ್ಕ ಕಲಿತಿದ್ದೇನೆ.
ಹತ್ತು ತೋಬಿಗೆ ಒಂದು ಲೋಟ ನೀರು.
ಕಾಲರು, ತೋಳು ಎಡಗೈಗೆ;
ಬೆನ್ನಿನ ಉದ್ದ ಮಾತ್ರ ಬಲಗೈಗೆ.
ಬಿಳಿ ಬಟ್ಟೆ ಸುಕ್ಕು ಬಿಟ್ಟು ಹ್ಯಾಂಗರಿನಲ್ಲಿ ನೆಟ್ಟಗೆ ನಿಲ್ಲುವಾಗ
ಹೊಟ್ಟೆಕಿಚ್ಚಾಗುವುದುಂಟು.

ನಿನ್ನೆ ಅಂಗಡಿ ಮುಚ್ಚುವ ಹೊತ್ತು, ಹಬೆ ಆರಿದ ಮೇಲೆ,
ಇನ್ನೂ ಉಗುರುಬೆಚ್ಚಗಿದ್ದ ಇಸ್ತ್ರಿ ಮೇಜಿಗೆ
ಭುಜ ಆನಿಸಿ ಕೂತೆ.
ಕರೆಂಟು ಸಾಹುಕಾರನದು, ಉಳಿದ ಬಿಸಿ ನನ್ನದು.
ಕಾಲು ಗಂಟೆ

ಮೂರು.

ನರ್ಸಿಗೆ ಹೇಳಲಿಲ್ಲ.
ಮೋನಬ್ಬನಿಗೆ ಹೇಳಿದೆ.