ಗಾರೆಯಿಲ್ಲದ ಗೋಡೆ

ಗುರುವಾರ, ಒಂಬತ್ತೂವರೆ.
ಎರಡು ಸೀಟಿನ ಸೈಕಲ್ಲು. ಮುಂದೆ ನಾನು,
ಹಿಂದೆ ಪರ್ಬ್ರಿಕ್.
ಹ್ಯಾಂಡಲ್ಲು ನನ್ನದು, ಬ್ರೇಕು ನನ್ನದು;
ಏರು ಬಂದಾಗ ಮಾತ್ರ
ಇಬ್ಬರಿಗೂ ಒಂದೇ ಉಸಿರು, ಒಂದೇ ಬೈಗುಳ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು,
ನಿಲ್ದಾಣ ಕೂಗುವ ಚಟ ಇನ್ನೂ ಬಿಟ್ಟಿಲ್ಲ.
'ಎಡಕ್ಕೆ ತಿರುವು. ಮುಂದೆ ಗುಂಡಿ. ಕುದುರೆ ಬರ್ತಿದೆ,
ಮೇಲೆ ಕೂತ ಹುಡುಗಿಗೆ ಕುದುರೆಗಿಂತ ಭಯ.'
ಅವನು ಟೋಪಿ ಮುಟ್ಟಿ ವಂದಿಸುತ್ತಾನೆ,
ಹುಡುಗಿಗೋ ಕುದುರೆಗೋ ಕೇಳಿಲ್ಲ ನಾನು.

ಆಮೇಲೆ ರೋಮನ್ನರ ರಸ್ತೆ.
ಕೂಗಬೇಕಾದ್ದೇನೂ ಇಲ್ಲ ಇಲ್ಲಿ.
ಹ್ಯಾಂಡಲ್ಲು ಅಲುಗುವುದು ನಿಂತಿತೆಂದರೆ
ಅವನ ಸೊಂಟಕ್ಕೇ ತಿಳಿಯುತ್ತದೆ.
'ನೂಲು ಹಿಡಿದು ಎಳೆದಿದ್ದಾರೆ ಪುಣ್ಯಾತ್ಮರು,
ಗುಡ್ಡ ಬಂದರೆ ಗುಡ್ಡವೇ ಪಕ್ಕಕ್ಕೆ ಸರೀಲಿ ಅಂತ.
ನನ್ನ ಹೆಂಡತಿ ಕಡೆಯವರೂ ಹೀಗೇ.'
ಎರಡು ಸಾವಿರ ವರ್ಷದ ಕೆಳಗೆ
ಕಾಲುಳುಕಿದ ಸಿಪಾಯಿಯೊಬ್ಬ
ಇದೇ ಏರಿನಲ್ಲಿ ಅವರಮ್ಮನನ್ನು ನೆನೆದಿರಬೇಕು.
ನಾವು ಗಿಯರು ಇಳಿಸುತ್ತೇವೆ.

ಅವನು ಕಲ್ಲಿನ ಕೆಲಸದವನು.
ಈ ಸೀಮೆಯ ಗೋಡೆಗಳಿಗೆ ಗಾರೆಯಿಲ್ಲ, ಮಣ್ಣಿಲ್ಲ,
ಕಲ್ಲಿನ ಮೇಲೆ ಕಲ್ಲು, ಅಷ್ಟೆ;
ಒಂದರ ಭಾರ ಎರಡರ ಮೇಲೆ, ಎರಡರದು ಒಂದರ ಮೇಲೆ.
ಜೇನಿನ ಬಣ್ಣ ಎನ್ನುತ್ತಾರೆ ಪೇಟೆಯಿಂದ ಬಂದವರು.
ಹಳಸಿದ ಬೆಣ್ಣೆಯ ಬಣ್ಣ ಎನ್ನುತ್ತಿದ್ದ ಅವನು, ಕಣ್ಣಿದ್ದಾಗ.
ಈಗ ಬಣ್ಣದ ಗೊಡವೆಯಿಲ್ಲ:
ಗೋಡೆಯ ಪಕ್ಕದಲ್ಲಿ ಚಕ್ರದ ಸದ್ದು ಮರಳಿ ಬರುತ್ತದಂತೆ,
ಗೇಟು ಬಂದಾಗ ಒಮ್ಮೆ ಕಳೆದುಹೋಗಿ
ಮತ್ತೆ ಸಿಗುತ್ತದಂತೆ.
ನನಗೆ ಕೇಳುವುದು ಎಣ್ಣೆ ಕಾಣದ ಚೈನು.

ಊರುಗಳು ದಾಟುತ್ತವೆ.
ಚರ್ಚಿನ ಗಡಿಯಾರ ಏಳು ನಿಮಿಷ ಹಿಂದೆ.
ಯುದ್ಧದ ಕಂಬದ ಮೇಲೆ ಹದಿನಾಲ್ಕು ಹೆಸರು,
ಊರಿನ ಮನೆ ಹನ್ನೆರಡು.
ಉಣ್ಣೆ ಮಾರಿ ದೊಡ್ಡವನಾದವನೊಬ್ಬ ಒಳಗೆ
ಹಿತ್ತಾಳೆಯಾಗಿ ಮಲಗಿದ್ದಾನೆ, ಕಾಲಡಿ ಒಂದು ಕುರಿ.
ಹೊರಗಿನ ಕುರಿಗಳು
ಅವನ ಋಣ ತೀರಿದಂತೆ ಮೇಯುತ್ತಿವೆ.

'ಬಲಕ್ಕೆ ದೊಡ್ಡ ಬೀಚ್ ಮರ,' ಎಂದೆ
ಅಡ್ಡರಸ್ತೆ ಬಂದಾಗ, ಎಂದಿನಂತೆ.
ಅದರ ಕೆಳಗೇ ಅವನು ಹುಡುಗನಾಗಿದ್ದಾಗ
ಮೊದಲ ಕೂಲಿ ಎಣಿಸಿದ್ದು.
ಹಿಂದಿನ ಕಾಲು ಬಿಗಿಯಾದವು, ನನ್ನವೂ ನಿಂತವು.
'ನಾಲ್ಕು ಗುರುವಾರ ಆಯ್ತು, ಹೆಸ್ಟರ್,
ಅದರ ನೆರಳು ಕೆನ್ನೆಗೆ ತಾಗಿ.
ಕಣ್ಣಿಗೆ ಮಣ್ಣೆರಚಬಹುದು,
ಕೆನ್ನೆಗೆ ಹೇಗೆ ಎರಚ್ತೀಯ?'

ಮೇ ತಿಂಗಳ ಗಾಳಿಗೆ ಉರುಳಿತ್ತು.
ಗರಗಸ ತಂದು ಬಿಲ್ಲೆ ಬಿಲ್ಲೆ ಮಾಡಿ ಒಯ್ದಿದ್ದರು.
ಹೇಳಲು ಬಾಯಿ ಬರಲಿಲ್ಲ, ಎಂದೆ.
'ಬಸ್ಸಲ್ಲೂ ಹೀಗೇನಾ?
ಇಲ್ಲದ ಸ್ಟಾಪಲ್ಲಿ ಜನರನ್ನ ಇಳಿಸಿ ಹೋಗ್ತಿದ್ದೆಯಾ?'
ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಒಂದು ಮೈಲಿ ಮಾತಿಲ್ಲ.
ಗೋಧಿ ಹೊಲದ ಮೇಲೆ ಬಾನಾಡಿಯೊಂದು
ಇಳಿಯಲು ಜಾಗ ಮರೆತಂತೆ ಕೂಗುತ್ತಿತ್ತು.

ಇಳಿಜಾರಿನ ಕೊನೆಗೆ, 'ನಿಲ್ಲಿಸು,' ಎಂದ.
'ಗೋಡೆ ಬಾಯಿ ಬಿಟ್ಟಿದೆ. ಗೇಟಲ್ಲ ಇದು.'
ಹೌದು. ಟ್ರ್ಯಾಕ್ಟರು ಗುದ್ದಿರಬೇಕು,
ಒಂದು ಮಾರು ಕುಸಿದು ಕಲ್ಲೆಲ್ಲ ತುರಿಕೆ ಸೊಪ್ಪಿನೊಳಗೆ.
ಮಂಡಿಯೂರಿದ. ಸೊಪ್ಪಿಗೆ ಶಾಪ ಹಾಕುತ್ತ
ಒಂದೊಂದೇ ಕಲ್ಲೆತ್ತಿ, ತಿರುಗಿಸಿ, ಹೆಬ್ಬೆರಳಿನಿಂದ
ಅದರ ಮುಖ ಹುಡುಕಿದ. ಇಟ್ಟ.
ಇನ್ನೊಂದು ಇಟ್ಟ.
'ಕೈಗೆತ್ತಿಕೊಂಡದ್ದನ್ನ ಕೆಳಗೆ ಹಾಕಬಾರದು,
ಜಾಗ ಹುಡುಕಬೇಕು. ನಮ್ಮ ಕಸುಬಿನ ಮಾತು.'

ಆರನೆಯದನ್ನು ನನ್ನ ಕೈಗಿಟ್ಟ.
ತಿರುಗಿಸಿದೆ, ಮತ್ತೆ ತಿರುಗಿಸಿದೆ;
ಎಲ್ಲ ಮಗ್ಗುಲೂ ಬೆನ್ನಿನಂತೆಯೇ ಕಂಡವು.
ಅವನು ಹುಲ್ಲಿನ ಮೇಲೆ ಕೂತು ಫ್ಲಾಸ್ಕು ಬಿಚ್ಚಿದ.
'ಹೂಂ. ಈಗ ಹೇಳು.
ಈ ದಾರೀಲಿ ಇನ್ನೇನೇನು ಇಲ್ಲ?'

ಕಲ್ಲು ಕೈಯಲ್ಲಿ ಹಿಡಿದೇ ಶುರುಮಾಡಿದೆ:
ಕೆಳಗೂರಿನ ಅಂಚೆ ಕಚೇರಿ...