ರಕ್ತದ ಗುಂಪು

ನಸುಕು ನಾಲ್ಕಕ್ಕೆ ಪರದೆಗಳೆಲ್ಲ ಕೆಂಪಾದವು.
ಬೋಳಾರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ
ಯಾವ ಕೀ ಒತ್ತಿದರೂ ಅದೇ ಎರಡು ಸಾಲು:
ಇಷ್ಟು ದುಡ್ಡು, ಇಷ್ಟು ಗಂಟೆ.

"ಎಂತ ಕದ್ದರು?" ಕೇಳಿದಳು
ಹದಿನಾಲ್ಕನೇ ಹಾಸಿಗೆಯ ರುಕ್ಕು ಕರ್ಕೇರ.
ಕದ್ದಿಲ್ಲ ರುಕ್ಕಕ್ಕ, ಎಲ್ಲ ಇಲ್ಲೇ ಉಂಟು,
ಬೀಗ ಮಾತ್ರ ಅವರದು.
"ಅಳಿವೆಗೆ ಹೂಳು ಬಿದ್ದ ಹಾಗೆ," ಎಂದಳು,
"ದೋಣಿ ಒಳಗೆ, ಕಡಲು ಎದುರಿಗೆ."

ಗೋದಾಮಿನಿಂದ ಕಾರ್ಬನ್ ಹಾಳೆ ಹುಡುಕಿ ತಂದೆವು.
ಸಿಸ್ಟರ್ ಬೆನೆಡಿಕ್ಟಾ ಮಾರ್ಕರ್ ಹಿಡಿದು
ಒಬ್ಬೊಬ್ಬರ ಮುಂಗೈ ಮೇಲೆ ಹೆಸರು ಬರೆಯುತ್ತ ಬಂದರು.
ರಕ್ತದ ಗುಂಪು?
"ಹದಿನೇಳು ವರ್ಷದಿಂದ ನೀವೇ ಬರಕೊಂಡದ್ದಲ್ವಾ?
ನಂಗೆಂತ ಗೊತ್ತುಂಟು?"

ಗೊತ್ತಿದ್ದದ್ದು ಬೇರೆ:
ಬಿಜೈಯ ಯಾವ ಮನೆಯಲ್ಲಿ ಬಂಗುಡೆ ಸಾಲ ಎಷ್ಟು,
ಕಾಣೆ ಕೊಂಡವರು ಯಾವ ಶುಕ್ರವಾರ ಹಲ್ಲು ಕಿರಿದರು,
ಹನ್ನೊಂದು ಮನೆ, ಚಿಲ್ಲರೆ ಸಮೇತ,
ಕರೆಂಟಿಲ್ಲದೆ ಹೇಳಿದಳು.
ಹಾಳೆಯ ಹಿಂದೆ ಅದನ್ನೂ ಬರೆದುಕೊಂಡೆ,
ಯಾಕೋ.

ಎಲ್ಲೋ ಒಬ್ಬ,
ಇವಳ ಬುಟ್ಟಿಯ ವಾಸನೆ ಅರಿಯದವ,
ಇವಳ ಸಕ್ಕರೆಯ ಅಂಕಿ ನೋಡುತ್ತಿರಬಹುದು.
ನೋಡುತ್ತಲೂ ಇರಲಿಕ್ಕಿಲ್ಲ.

ಬೆರಳ ತುದಿ ಚುಚ್ಚಿದೆವು. ಗಾಜಿನ ಮೇಲೆ
ಒಂದು ಹನಿ.
ಇಂದೇ ಮೊದಲು ಬಂದವಳ ಹಾಗೆ
ಕೈ ಚಾಚಿಕೊಂಡೇ ಕೂತಿದ್ದಳು.